ಎರಡು ಸಲ ಮಗು ನಿಲ್ಲಲಿಲ್ಲ, ಈಗ ಮತ್ತೆ ಬಸಿರು: ಈ ಭಯದ ಜೊತೆ ದಿನ ದೂಡುವುದು ಹೇಗೆ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಊರು ಶಿವಮೊಗ್ಗ ಕಡೆ, ಈಗ ಇರುವುದು ಬೆಂಗಳೂರಿನಲ್ಲಿ. ಹಿಂದೆ ಎರಡು ಸಲ ಮಗು ಹೋಗಿದೆ. ಮೊದಲನೆಯದು ಏಳನೇ ವಾರದಲ್ಲಿ, ರಕ್ತ ಹೋಗಿ. ಎರಡನೆಯದು ಹತ್ತನೇ ವಾರದ ಸ್ಕ್ಯಾನ್‌ನಲ್ಲಿ ಹಾರ್ಟ್‌ಬೀಟ್ ಇಲ್ಲ ಅಂದರು. ನೋವಿಲ್ಲ, ರಕ್ತವಿಲ್ಲ, ಅಲ್ಲಿಯವರೆಗೆ ನನಗೆ ಏನೂ ಗೊತ್ತಾಗಿರಲಿಲ್ಲ. ಈಗ ಒಂಬತ್ತು ವಾರ. ಏಳನೇ ವಾರದ ಸ್ಕ್ಯಾನ್ ಚೆನ್ನಾಗಿತ್ತು. ಮುಂದಿನದು ಎನ್‌ಟಿ ಸ್ಕ್ಯಾನ್, ಅಂದರೆ ಮಗುವಿನ ಕತ್ತಿನ ಹಿಂಭಾಗ ಅಳೆದು ನೋಡುವುದು, ಅದಕ್ಕೆ ಇನ್ನೂ ಮೂರು ವಾರ ಇದೆ.

ಆ ಮೂರು ವಾರ ಹೇಗೆ ಕಳೆಯುವುದು ಅನ್ನುವುದೇ ನನ್ನ ಪ್ರಶ್ನೆ. ಬಾತ್‌ರೂಮಿಗೆ ಹೋದಾಗಲೆಲ್ಲ ರಕ್ತ ಇದೆಯಾ ಅಂತ ನೋಡುತ್ತೇನೆ. ಬೆಳಕು ಸಾಲದು ಅನ್ನಿಸಿ ಮೊಬೈಲ್ ಟಾರ್ಚ್ ಹಾಕಿ ನೋಡುತ್ತೇನೆ. ನಿನ್ನೆಯಿಂದ ವಾಂತಿ ಕಡಿಮೆ ಆಗಿದೆ. ಮನೆಯಲ್ಲಿ ಎಲ್ಲರೂ "ಸದ್ಯ" ಅಂದರು, ನನಗೆ ಮಾತ್ರ ಎದೆ ಧಸಕ್ ಅಂತು. ಗಂಡ "ಅದನ್ನೇ ಯೋಚಿಸಬೇಡ" ಅನ್ನುತ್ತಾರೆ. ಅತ್ತೆ "ಟೆನ್ಶನ್ ಮಾಡ್ಕೊಂಡ್ರೆ ಮಗೂಗೆ ಒಳ್ಳೇದಲ್ಲ" ಅನ್ನುತ್ತಾರೆ. ಅದನ್ನು ಕೇಳಿದ ಮೇಲೆ, ಟೆನ್ಶನ್ ಆಗುತ್ತಿದೆಯಲ್ಲ ಅಂತ ಇನ್ನೊಂದು ಟೆನ್ಶನ್.

ಮನೆಯಲ್ಲೇ ಹಾರ್ಟ್‌ಬೀಟ್ ಕೇಳುವ ಡಾಪ್ಲರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ತರಿಸಲಾ? ಇದೇ ದಾರಿಯಲ್ಲಿ ಹೋದವರು ದಯವಿಟ್ಟು ಹೇಳಿ.

ಹಂಚಿನಮನೆ
ಟಾರ್ಚ್ ಹಾಕಿ ನೋಡುವುದು ನೀವೊಬ್ಬರೇ ಅಲ್ಲ. ನಾನು ಬಿಳಿ ಬಣ್ಣದ ಒಳಉಡುಪು ಬಿಟ್ಟು ಬೇರೆ ಹಾಕುತ್ತಲೇ ಇರಲಿಲ್ಲ, ಒಂದು ಚುಕ್ಕೆ ಬಿದ್ದರೂ ಕಾಣಲಿ ಅಂತ. ಈಗ ಮಗಳು ಯುಕೆಜಿ.

ಕಾಫಿತೋಟ
ಪಾಸಿಟಿವ್ ಆಗಿ ಯೋಚಿಸಿ ತಂಗಿ. ತಾಯಿಯ ಮನಸ್ಸಿನಲ್ಲಿ ಇರುವುದೇ ಮಗುವಿಗೆ ಹೋಗುತ್ತದೆ. ಒಳ್ಳೆಯ ಸಂಗೀತ ಕೇಳಿ, ದೇವರ ನಾಮ ಹೇಳಿ, ಕೆಟ್ಟದ್ದನ್ನು ಯೋಚಿಸಲೇಬೇಡಿ. ನಮ್ಮ ಹಿರಿಯರು ಸುಮ್ನೆ ಹೇಳಿಲ್ಲ.

ಸಂಜೆಬಿಸಿಲು
@ಕಾಫಿತೋಟ ಸಂಗೀತ ಕೇಳಲಿ, ದೇವರ ನಾಮವನ್ನೂ ಹೇಳಲಿ, ಬೇಡ ಅಂದವರಾರು? ಆದರೆ "ಕೆಟ್ಟದ್ದು ಯೋಚಿಸಿದರೆ ಮಗುವಿಗೆ ಹೋಗುತ್ತದೆ" ಅನ್ನುವುದನ್ನು ಎರಡು ಮಗು ಕಳೆದುಕೊಂಡವಳಿಗೆ ಹೇಳಿದರೆ ಅವಳಿಗೆ ಕೇಳಿಸುವುದು ಏನು ಗೊತ್ತಾ? "ಹಿಂದಿನ ಎರಡೂ ನಿನ್ನ ಯೋಚನೆಯಿಂದಲೇ ಹೋದವು" ಅಂತ. ಅದು ನಿಜವೂ ಅಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್ ಲೆಕ್ಕ ತಪ್ಪಿರುವುದು. ಅಂಡ, ವೀರ್ಯ ಸೇರುವ ಹೊತ್ತಿಗೇ ಆಗಿಹೋಗಿರುವ ಸಂಗತಿ. ಅದನ್ನು ಯಾವ ಯೋಚನೆಯೂ ಮಾಡುವುದಿಲ್ಲ, ಯಾವ ಯೋಚನೆಯೂ ತಪ್ಪಿಸುವುದಿಲ್ಲ.

ಲ್ಯಾಬ್‌ಅಕ್ಕ
ಮೊದಲು ವಾಂತಿ ವಿಷಯ ಹೇಳಿಬಿಡುತ್ತೇನೆ, ಆ ಭಯ ಈ ರಾತ್ರಿಯೇ ಸ್ವಲ್ಪ ಇಳಿಯಲಿ. ಎಚ್‌ಸಿಜಿ ಅನ್ನುವ ಹಾರ್ಮೋನು ಒಂಬತ್ತು, ಹತ್ತನೇ ವಾರದ ಹೊತ್ತಿಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ವಾಂತಿಯೂ ಅದರ ಆಚೀಚೆ ಕಡಿಮೆ ಆಗುತ್ತಾ ಬರುತ್ತದೆ. ಒಂದು ದಿನ ಜಾಸ್ತಿ, ಒಂದು ದಿನ ಇಲ್ಲವೇ ಇಲ್ಲ ಅನ್ನುವುದೂ ಸಹಜ. ವಾಂತಿ ನಿಂತಿದ್ದಕ್ಕೇ ಮಗು ಹೋಯಿತು ಅಂತ ಅರ್ಥವಲ್ಲ. ಇನ್ನೊಂದು, ಈ ಹಂತದಲ್ಲಿ ಎರಡು ದಿನಕ್ಕೊಮ್ಮೆ ಬೀಟಾ ಎಚ್‌ಸಿಜಿ ಮಾಡಿಸಲು ಲ್ಯಾಬಿಗೆ ಓಡಬೇಡಿ. ಅಂಕಿ ಇಳಿಯುವ ಕಾಲವೇ ಇದು. ಇಳಿದದ್ದು ನೋಡಿ ಸುಮ್ನೆ ಗಾಬರಿಯಾಗುತ್ತೀರಿ. ಸ್ಕ್ಯಾನ್‌ನಲ್ಲಿ ಬಡಿತ ಕಂಡ ಮೇಲೆ ಆ ಟೆಸ್ಟಿಗೆ ಹೇಳುವುದು ಏನೂ ಉಳಿದಿಲ್ಲ.

ಡಾಪ್ಲರ್ ಬೇಡ. ಖಂಡಿತ ಬೇಡ. ಒಂಬತ್ತು ವಾರಕ್ಕೆ ಅದರಲ್ಲಿ ಏನೂ ಕೇಳಿಸುವುದಿಲ್ಲ. ಕೇಳಿಸದಿದ್ದರೆ ನೀವು ಆ ರಾತ್ರಿಯಿಡೀ ಮಲಗುವುದಿಲ್ಲ.

ರಾಗಿಹಿಟ್ಟು
ನಾನು ಡಾಪ್ಲರ್ ಇಟ್ಟುಕೊಂಡಿದ್ದೆ. 15ನೇ ವಾರದ ಮೇಲೆ ದಿನಾ ಕೇಳುತ್ತಿದ್ದೆ, ನನಗೆ ಅದರಿಂದ ಸಮಾಧಾನ ಸಿಗುತ್ತಿತ್ತು. ಎಲ್ಲರಿಗೂ ಬೇಡ ಅನ್ನಬೇಡಿ.

ಲ್ಯಾಬ್‌ಅಕ್ಕ
@ರಾಗಿಹಿಟ್ಟು ನಿಮಗೆ ಸಮಾಧಾನ ಸಿಕ್ಕಿದ್ದು ಒಳ್ಳೆಯದೇ. ತೊಂದರೆ ಇರುವುದು ತಪ್ಪು ಸಮಾಧಾನದಲ್ಲಿ. ಅಮ್ಮನ ನಾಡಿಬಡಿತ, ಮಾಸಿನಲ್ಲಿ ರಕ್ತ ಹರಿಯುವ ಸದ್ದು, ಎಲ್ಲವೂ ಅದರಲ್ಲಿ ಕೇಳಿಸುತ್ತದೆ. ಮಗುವಿನ ಬಡಿತ ನಿಮಿಷಕ್ಕೆ 110ರಿಂದ 160. ಗಾಬರಿಯಾದ ಅಮ್ಮನ ಬಡಿತವೂ 110 ಮುಟ್ಟಬಹುದು. ಬಡಿತ ಕೇಳಿಸಿತು ಅಂತ ಆಸ್ಪತ್ರೆಗೆ ಹೋಗದೆ ಕೂತರೆ? ಅದೇ ಕಾರಣಕ್ಕೆ ವೈದ್ಯರು ಮನೆಯಲ್ಲಿ ಬೇಡ ಅನ್ನುವುದು.

ತುಂಗಾತೀರ
@ಲ್ಯಾಬ್‌ಅಕ್ಕ ವಾಂತಿ ವಿಷಯ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಕ್ಕ. ಡಾಪ್ಲರ್ ಕಾರ್ಟ್‌ನಿಂದ ತೆಗೆದೆ.

ಜೋಳದರೊಟ್ಟಿ
ಎರಡು ಹೋಗಿದೆ ಅಂದರೆ ಮೊದಲು ಟಾರ್ಚ್ (TORCH) ಟೆಸ್ಟ್, ಅದೇ ರುಬೆಲ್ಲಾ ಥರದ ಸೋಂಕು ನೋಡುವ ರಕ್ತ ಪರೀಕ್ಷೆ, ಮಾಡಿಸಿದ್ದೀರಾ? ನಮ್ಮ ಅತ್ತಿಗೆಗೆ ಅದರಲ್ಲೇ ಪಾಸಿಟಿವ್ ಬಂದಿತ್ತು, ಮಾತ್ರೆ ತಗೊಂಡ ಮೇಲೆ ಮಗು ನಿಂತಿತು.

ಲ್ಯಾಬ್‌ಅಕ್ಕ
ನಮ್ಮ ಕಡೆ ಪ್ರತಿಯೊಬ್ಬರಿಗೂ ಬರೆಯುವ ಟೆಸ್ಟ್ ಅದು, ಮತ್ತೆ ಮತ್ತೆ ಬಸಿರು ಹೋಗುವವರಿಗೆ ಅದರಿಂದ ಸಿಗುವ ಉತ್ತರ ಬಹಳ ಕಡಿಮೆ. ಅದರಲ್ಲಿ ಐಜಿಜಿ ಅನ್ನುವ ಪ್ರತಿಕಾಯ ಪಾಸಿಟಿವ್ ಅಂದರೆ ಯಾವಾಗಲೋ ಆ ಸೋಂಕು ಬಂದು ಹೋಗಿದೆ ಅಂತ ಅಷ್ಟೇ. ನಮ್ಮಲ್ಲಿ ಬಹಳ ಜನರಿಗೆ ಹಾಗೇ ಬರುತ್ತದೆ. ನಿಜವಾಗಿ ಕೇಳಬೇಕಾದವು ಬೇರೆ ಇವೆ: ಥೈರಾಯ್ಡ್, ಸಕ್ಕರೆ, ಎಪಿಎಲ್‌ಎ ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳ ಟೆಸ್ಟ್, ಗರ್ಭಕೋಶದ ಆಕಾರ ನೋಡುವ ಸ್ಕ್ಯಾನ್, ಕೆಲವರಿಗೆ ಗಂಡ ಹೆಂಡತಿ ಇಬ್ಬರ ಕ್ರೋಮೋಸೋಮ್ ಪರೀಕ್ಷೆ. ಎಪಿಎಲ್‌ಎ ಒಂದು ಸಲ ಪಾಸಿಟಿವ್ ಬಂದರೆ ಸಾಲದು, 12 ವಾರ ಬಿಟ್ಟು ಮತ್ತೊಮ್ಮೆ ಬರಬೇಕು. ಬಂದರೆ ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಆಸ್ಪಿರಿನ್ ಜೊತೆ ಹೆಪಾರಿನ್ ಇಂಜೆಕ್ಷನ್.

ಜೋಳದರೊಟ್ಟಿ
ಡಾಕ್ಟರ್ ಬರೆದುಕೊಟ್ಟದ್ದನ್ನು ಬೇಡ ಅನ್ನಲು ಆಗುತ್ತಾ?

ಲ್ಯಾಬ್‌ಅಕ್ಕ
ಬೇಡ ಅನ್ನುವುದಲ್ಲ, "ಇದರ ಉತ್ತರ ಬಂದರೆ ಚಿಕಿತ್ಸೆ ಬದಲಾಗುತ್ತಾ ಡಾಕ್ಟ್ರೇ?" ಅಂತ ಕೇಳಿ. ಅಷ್ಟು ಕೇಳುವ ಹಕ್ಕು ದುಡ್ಡು ಕೊಡುವವರಿಗೆ ಇದೆ.

ತುಂಗಾತೀರ
ಆ ಟೆಸ್ಟುಗಳೆಲ್ಲ ಆಗಿವೆ. ಥೈರಾಯ್ಡ್ ಸ್ವಲ್ಪ ಏರುಪೇರು ಇತ್ತು, ಮಾತ್ರೆ ನಡೆಯುತ್ತಿದೆ. ಉಳಿದದ್ದೆಲ್ಲ ನಾರ್ಮಲ್. ಕಾರಣ ಸಿಗಲಿಲ್ಲ ಅನ್ನುವುದೇ ನನಗೆ ದೊಡ್ಡ ಸಂಕಟ. ಏನಾದರೂ ಸಿಕ್ಕಿದ್ದರೆ ಅದನ್ನು ಸರಿಮಾಡಿದ್ದೇವೆ ಅನ್ನುವ ಧೈರ್ಯವಾದರೂ ಇರುತ್ತಿತ್ತು.

ಸಂಜೆಬಿಸಿಲು
ನನಗೂ ಕಾರಣ ಸಿಗಲಿಲ್ಲ, ನನ್ನದು ಮೂರು. ಆದರೆ ನನ್ನ ಡಾಕ್ಟರ್ ಒಂದು ಮಾತು ಹೇಳಿದ್ದರು. ಎಲ್ಲ ಟೆಸ್ಟೂ ಸರಿ ಇದೆ ಅನ್ನುವುದೇ ಒಳ್ಳೆಯ ಸುದ್ದಿ, ಕಾರಣ ಸಿಗದವರಲ್ಲಿ ಹೆಚ್ಚಿನವರಿಗೆ ಮುಂದೆ ಮಗು ಆಗುತ್ತದೆ ಅಂತ. ನಂಬಲು ಕಷ್ಟ ಆಗಿತ್ತು. ನಂಬದೆ ಇದ್ದರೂ ಅದು ನಿಜವೇ.

ಲೀಡ್ಸ್‌ಕನ್ನಡತಿ
ನಾನು ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಅರ್ಲಿ ಪ್ರೆಗ್ನೆನ್ಸಿ ಯೂನಿಟ್ ಅಂತ ಬೇರೆಯೇ ಇರುತ್ತದೆ, ರಕ್ತ ಕಂಡರೆ ಅಲ್ಲಿಗೆ ಫೋನ್ ಮಾಡಬಹುದು. ಆದರೆ ಮೊದಲ ಸ್ಕ್ಯಾನ್ ಸಾಮಾನ್ಯವಾಗಿ 12 ವಾರದ ಹೊತ್ತಿಗೇ. ಊರಿನಲ್ಲಿ ಅಕ್ಕನಿಗೆ ಆರನೇ ವಾರಕ್ಕೇ ಸ್ಕ್ಯಾನ್ ಆಗಿತ್ತು, ಕೇಳಿ ಹೊಟ್ಟೆ ಉರಿದಿತ್ತು.

ಇಲ್ಲಿ ಒಂದು ಒಳ್ಳೆಯದು ಕಂಡೆ. ಹಿಂದೆ ಹೊಟ್ಟೆಯಲ್ಲೇ ಮಗು ತೀರಿಕೊಂಡವರಿಗೆ ಕೆಲವು ಆಸ್ಪತ್ರೆಗಳಲ್ಲಿ ರೇನ್‌ಬೋ ಕ್ಲಿನಿಕ್ ಅಂತ ಇದೆ, ಮೊದಲು ಶುರುವಾದದ್ದು ಮ್ಯಾಂಚೆಸ್ಟರ್‌ನಲ್ಲಿ. ಅದೇ ಡಾಕ್ಟರ್, ಅದೇ ಮಿಡ್‌ವೈಫ್ ಉದ್ದಕ್ಕೂ ನೋಡುತ್ತಾರೆ. ಪ್ರತಿ ಸಲ ಹೊಸಬರ ಮುಂದೆ ಕಥೆ ಮೊದಲಿನಿಂದ ಹೇಳುವ ಕಷ್ಟ ಇಲ್ಲ.

ಹಂಚಿನಮನೆ
ಕಥೆ ಮತ್ತೆ ಮತ್ತೆ ಹೇಳುವ ಕಷ್ಟ! ಪ್ರತಿ ಸಲ ಬಿಪಿ ನೋಡುವ ಸಿಸ್ಟರ್ "ಮೊದಲನೇ ಮಗುನಾ?" ಅಂತ ನಗುತ್ತಾ ಕೇಳುತ್ತಿದ್ದರು. ಅವರ ತಪ್ಪಲ್ಲ. ಆದರೆ ಏನಂತ ಹೇಳುವುದು? ಹೌದು ಅಂದರೆ ಹೋದವುಗಳನ್ನು ಅಳಿಸಿದ ಹಾಗೆ, ಅಲ್ಲ ಅಂದರೆ ಮುಂದಿನ ಪ್ರಶ್ನೆ. ಕೊನೆಗೆ ನನ್ನ ಗಂಡ ಫೈಲಿನ ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಅಂಟಿಸಿದರು: ಹಿಂದೆ ಎರಡು ಮಿಸ್ಕ್ಯಾರೇಜ್ ಆಗಿದೆ, ಸ್ಕ್ಯಾನ್ ಮಾಡುವಾಗ ದಯವಿಟ್ಟು ಮೊದಲು ಹಾರ್ಟ್‌ಬೀಟ್ ಹೇಳಿ.

ಅದೊಂದು ಚೀಟಿ ಮಾಡಿದ ಉಪಕಾರ ಅಷ್ಟಿಷ್ಟಲ್ಲ. ಸ್ಕ್ಯಾನ್ ರೂಮಿನಲ್ಲಿ ಅತಿ ಕಷ್ಟದ ಹೊತ್ತು ಯಾವುದು ಹೇಳಿ? ತಣ್ಣನೆಯ ಜೆಲ್ ಹಾಕಿ, ಡಾಕ್ಟರ್ ಪರದೆ ಕಡೆ ಮುಖ ಮಾಡಿ, ಏನೂ ಮಾತಾಡದೆ ಅಳತೆ ತೆಗೆಯುತ್ತಾ ಇರುತ್ತಾರಲ್ಲ, ಅದು. ಅವರಿಗೆ ಅದು ಕೆಲಸದ ಮೌನ. ನಮಗೆ ಹಿಂದಿನ ಸಲದ ಮೌನ. ಚೀಟಿ ಅಂಟಿಸಿದ ಮೇಲೆ ಪ್ರತಿ ಸಲ ಪ್ರೋಬ್ ಇಟ್ಟ ಕೂಡಲೇ "ಇದೆ ಕಣಮ್ಮ, ಬಡಿತ ಇದೆ" ಅನ್ನುತ್ತಿದ್ದರು. ಆಮೇಲೆ ಎಷ್ಟು ಹೊತ್ತು ಅಳೆದರೂ ಪರವಾಗಿಲ್ಲ.

ತುಂಗಾತೀರ
ಇದನ್ನು ಓದಿ ಕಣ್ಣು ತುಂಬಿ ಬಂತು. ಈ ರಾತ್ರಿಯೇ ಬರೆದು ಅಂಟಿಸುತ್ತೇನೆ.

ಕೆರೆಯಂಗಳ
ನಾವು ಹೋದ ಸೆಂಟರ್‌ನಲ್ಲಿ ಪರದೆ ತೋರಿಸಲಿಲ್ಲ, ಕಾನೂನು ಅಂದರು. ಹಾರ್ಟ್‌ಬೀಟ್ ಹೇಳುವುದಕ್ಕೂ ಕಾನೂನು ಅಡ್ಡ ಬರುತ್ತಾ?

ಲ್ಯಾಬ್‌ಅಕ್ಕ
ಇಲ್ಲ. 1994ರ ಕಾಯ್ದೆ ತಡೆಯುವುದು ಗಂಡೋ ಹೆಣ್ಣೋ ಅಂತ ಹೇಳುವುದನ್ನು. ಬಡಿತ ಇದೆಯಾ, ಬೆಳವಣಿಗೆ ಸರಿ ಇದೆಯಾ ಅನ್ನುವುದನ್ನು ಧಾರಾಳವಾಗಿ ಕೇಳಿ.

ಗೌರಿಬಿದನೂರ್_ಅಮ್ಮ
ನಾನು ಹಳೇ ಕಾಲದವಳು, ಬೈಯಬೇಡಿ. ಮೂರು ತಿಂಗಳು ಹಾಸಿಗೆ ಬಿಟ್ಟು ಏಳಬಾರದು. ಈಗಿನ ಹುಡುಗಿಯರು ಸ್ಕೂಟರ್ ಓಡಿಸುತ್ತೀರಿ, ಮೆಟ್ಟಿಲು ಹತ್ತುತ್ತೀರಿ. ಪಪ್ಪಾಯಿ, ಎಳ್ಳು ಮುಟ್ಟಬೇಡಿ, ಉಷ್ಣ. ನನ್ನ ಮಗಳನ್ನು ನಾನು ಕೆಳಗೆ ಇಳಿಯಲು ಬಿಟ್ಟಿರಲಿಲ್ಲ, ಮೊಮ್ಮಗ ಚೆನ್ನಾಗಿದ್ದಾನೆ.

ಸಂಜೆಬಿಸಿಲು
ಅಮ್ಮಾ, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಮಗಳಿಗೆ ಊಟ ತಂದುಕೊಟ್ಟು ಕೂರಿಸಿದಿರಲ್ಲ, ಅದು ಎಷ್ಟು ಜನರಿಗೆ ಸಿಗುತ್ತದೆ. ಆದರೆ ಹಾಸಿಗೆಯಲ್ಲೇ ಮಲಗಿದರೆ ಬಸಿರು ಉಳಿಯುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಜಾಸ್ತಿ, ಅಲ್ಲಾಡದೆ ಮಲಗಿದರೆ ಇನ್ನೂ ಜಾಸ್ತಿ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಇಡೀ ದಿನ ಸೀಲಿಂಗ್ ನೋಡಿಕೊಂಡು ಮಲಗಿದವಳ ತಲೆಯಲ್ಲಿ ಭಯ ಬಿಟ್ಟು ಬೇರೆ ಏನು ಓಡುತ್ತದೆ? ನಾನು ಹಾಗೆ ಮಲಗಿದ್ದವಳು, ಅದಕ್ಕೇ ಹೇಳುತ್ತಿದ್ದೇನೆ.

ಕಲ್ಲುಬೆಂಚು
ಎಲ್ಲರಿಗೂ ಒಂದೇ ಅಳತೆ ಬೇಡ. ನನ್ನದು 20ನೇ ವಾರದಲ್ಲಿ ಹೋಯಿತು. ಗರ್ಭಕೋಶದ ಬಾಯಿ ಬೇಗ ತೆರೆದುಕೊಂಡಿತ್ತು. ಮುಂದಿನ ಬಸಿರಿನಲ್ಲಿ 13ನೇ ವಾರಕ್ಕೆ ಹೊಲಿಗೆ ಹಾಕಿದರು, 37ಕ್ಕೆ ಬಿಚ್ಚಿದರು. ನನಗೆ ಭಾರ ಎತ್ತಬಾರದು, ಗಂಡನ ಜೊತೆ ಸೇರಬಾರದು ಅಂತ ಡಾಕ್ಟರೇ ಹೇಳಿದ್ದರು. ನಿಮ್ಮ ಡಾಕ್ಟರ್ ನಿಮ್ಮ ಕಾರಣ ನೋಡಿ ಹೇಳಿದರೆ ಅದು ಬೇರೆ, ಪಕ್ಕದ ಮನೆಯವರು ಹೇಳುವುದು ಬೇರೆ.

ಆಗ ಎಲ್ಲರೂ "20 ವಾರ ದಾಟಲಿ, ಆಮೇಲೆ ಭಯ ಇರಲ್ಲ" ಅಂದರು. ದಾಟಿತು. ಭಯ ಹೋಗಲಿಲ್ಲ. ಮಗುವಿನ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನ್ ಆಗಲಿ ಅಂದುಕೊಂಡೆ, ಆಯಿತು. ಆಗಲೂ ಹೋಗಲಿಲ್ಲ. ಇದನ್ನು ಹೆದರಿಸಲು ಹೇಳುತ್ತಿಲ್ಲ ತುಂಗಾತೀರ. ಭಯ ಹೋದ ಮೇಲೆ ಸಂತೋಷಪಡೋಣ ಅಂತ ಕಾದರೆ ಒಂಬತ್ತು ತಿಂಗಳೂ ಕಾಯುತ್ತಲೇ ಇರುತ್ತೀರಿ. ನಾನು ಭಯ ಇಟ್ಟುಕೊಂಡೇ ಮಾವಿನಕಾಯಿ ತಿಂದೆ, ಭಯ ಇಟ್ಟುಕೊಂಡೇ ಮಗುವಿಗೆ ಹೆಸರು ಯೋಚಿಸಿದೆ.

ಒಬ್ಬ_ಗಂಡ
ಗಂಡಸರ ಕಡೆಯಿಂದ ಒಂದು ಮಾತು. "ಅದನ್ನೇ ಯೋಚಿಸಬೇಡ" ಅನ್ನುವವನೂ ಅದನ್ನೇ ಯೋಚಿಸುತ್ತಿರುತ್ತಾನೆ. ಆಫೀಸಿನಲ್ಲಿ ಅವಳ ಫೋನ್ ಬಂದರೆ ನನ್ನ ಕೈ ನಡುಗುತ್ತಿತ್ತು, ಯಾಕೆಂದರೆ ಹಿಂದೆ ಸುದ್ದಿ ಬಂದದ್ದು ಹಾಗೇ ಒಂದು ಮಧ್ಯಾಹ್ನದ ಫೋನಿನಲ್ಲಿ. ಆಮೇಲೆ ಒಂದು ಒಪ್ಪಂದ ಮಾಡಿಕೊಂಡೆವು. ಸುಮ್ನೆ ಮಾತಾಡಲು ಫೋನ್ ಮಾಡುವುದಾದರೆ ಮೊದಲು "ತರಕಾರಿ" ಅಂತ ಮೆಸೇಜ್ ಹಾಕುತ್ತಿದ್ದಳು. ಆ ಮೆಸೇಜ್ ಕಂಡರೆ ನಾನು ನೆಮ್ಮದಿಯಾಗಿ ಎತ್ತುತ್ತಿದ್ದೆ.

ನಿಮ್ಮ ಗಂಡನಿಗೆ ಸಮಾಧಾನ ಹೇಳುವ ಕೆಲಸ ಕೊಡಬೇಡಿ, ಅದು ನಮಗೆ ಬರುವುದಿಲ್ಲ. ಫೈಲ್ ಹಿಡಿಯುವುದು, ಡಾಕ್ಟರಿಗೆ ಪ್ರಶ್ನೆ ಬರೆದಿಟ್ಟುಕೊಳ್ಳುವುದು, ಸಂಬಂಧಿಕರ ಫೋನ್ ಎತ್ತುವುದು, ಇಂಥ ಕೆಲಸ ಕೊಡಿ.

ತುಂಗಾತೀರ
@ಒಬ್ಬ_ಗಂಡ ಇದನ್ನು ಅವರಿಗೆ ಓದಲು ಕೊಟ್ಟೆ. ಏನೂ ಹೇಳಲಿಲ್ಲ, ಎರಡು ಸಲ ಓದಿದರು.

ಇನ್ನೊಂದು ಕೇಳುವುದಿತ್ತು. ಅತ್ತೆಗೆ ಈಗಲೇ ನೆಂಟರಿಗೆಲ್ಲ ಹೇಳುವ ಆಸೆ. ಏಳನೇ ತಿಂಗಳ ಸೀಮಂತಕ್ಕೆ ಛತ್ರದ ಮಾತೂ ಆಡುತ್ತಿದ್ದಾರೆ. ನನಗೆ ಯಾರಿಗೂ ಹೇಳುವುದು ಬೇಡ. ಹೇಗೆ ಬೇಡ ಅನ್ನಲಿ?

ಹಂಚಿನಮನೆ
ಮೂರು ತಿಂಗಳು ತುಂಬುವವರೆಗೆ ಹೇಳಬಾರದು ಅನ್ನುವುದು ನಮ್ಮ ಹಿರಿಯರದ್ದೇ ಪದ್ಧತಿ ಅಲ್ವಾ. ಅತ್ತೆಗೆ ಅವರ ಪದ್ಧತಿಯಿಂದಲೇ ಹೇಳಿ.

ಸಂಜೆಬಿಸಿಲು
ನನಗೆ ಆ ಪದ್ಧತಿ ಬಗ್ಗೆ ತಕರಾರಿದೆ. ಯಾರಿಗೂ ಹೇಳಿರದಿದ್ದರೆ ಮಗು ಹೋದಾಗಲೂ ಯಾರಿಗೂ ಹೇಳುವ ಹಾಗಿಲ್ಲ. ನನ್ನ ಮೊದಲನೆಯದು ಹೋದ ಮೂರನೇ ದಿನ ಮದುವೆ ಮನೆಯಲ್ಲಿ ಊಟ ಬಡಿಸುತ್ತಿದ್ದೆ. ಎಲ್ಲರಿಗೂ ಬೇಡ, ಕಷ್ಟ ಬಂದರೆ ಅಳಲು ಯಾರ ಮನೆಗೆ ಹೋಗುತ್ತೀರೋ ಅವರಿಗೆ ಈಗಲೇ ಹೇಳಿ.

ಜೋಳದರೊಟ್ಟಿ
ನಮ್ಮ ಧಾರವಾಡ ಕಡೆ ಕುಬಸ ಮಾಡುತ್ತಾರೆ. ಹಸಿರು ಸೀರೆ, ಹಸಿರು ಬಳೆ, ಊರೆಲ್ಲ ಕರೆದು ಊಟ. ನಮ್ಮ ಅತ್ತಿಗೆ ಬೇಡವೇ ಬೇಡ ಅಂದಳು. ಕೊನೆಗೆ ತವರಿನವರು ಐದು ಜನ ಮಾತ್ರ ಬಂದು ಬಳೆ ಇಡಿಸಿ ಹೋದರು. ಅವಳಿಗೂ ಸಮಾಧಾನ, ಹಿರಿಯರಿಗೂ ಸಮಾಧಾನ.

ಕೆರೆಯಂಗಳ
ಸೀಮಂತದ ಮಾತು ಬಂತು ಅಂತ ಹೇಳುತ್ತೇನೆ. ನನಗೆ ಎರಡು ಹೋದ ಮೇಲೆ ನಾದಿನಿಯ ಸೀಮಂತದಲ್ಲಿ ಆರತಿ ತಟ್ಟೆ ನನ್ನ ಹತ್ತಿರ ಬರುವ ಹೊತ್ತಿಗೆ ಒಬ್ಬ ಹಿರಿಯರು "ಅವಳು ಬೇಡ, ಮಗು ನಿಂತವರು ಮಾಡಲಿ" ಅಂದರು. ತಟ್ಟೆ ನನ್ನ ಮುಂದಿನಿಂದ ಹಾದು ಪಕ್ಕದವರ ಕೈಗೆ ಹೋಯಿತು. ಅರಿಶಿನ ಕುಂಕುಮದ ನೀರು ಅಲುಗಾಡಿ ನನ್ನ ಸೀರೆ ಮೇಲೆ ಚೂರು ಚೆಲ್ಲಿತು. ಆವತ್ತಿನಿಂದ ಯಾವ ಸೀಮಂತಕ್ಕೂ ಹೋಗಿಲ್ಲ, ನನ್ನದನ್ನೂ ಮಾಡಿಸಿಕೊಳ್ಳಲಿಲ್ಲ.

ಗೌರಿಬಿದನೂರ್_ಅಮ್ಮ
ಹಾಗೆ ಅಂದದ್ದು ಬಹಳ ತಪ್ಪು. ಮನಸ್ಸು ನೋಯಿಸಿ ಮಾಡಿದ ಆರತಿಯಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ. ನಮ್ಮ ಮನೆಗೆ ಬಾ ಮಗಳೇ, ಮೊದಲ ಆರತಿ ನಿನ್ನ ಕೈಯಿಂದಲೇ.

ಕಾಫಿತೋಟ
ಅಮ್ಮಾ, ನಿಮಗೆ ನಮಸ್ಕಾರ.

ಕಲ್ಲುಬೆಂಚು
ನಮ್ಮ ಇನ್ನೊಂದು ಪದ್ಧತಿ ನನಗೆ ಬಹಳ ಉಪಕಾರ ಮಾಡಿತು. ಮಗು ಹುಟ್ಟುವ ಮೊದಲು ತೊಟ್ಟಿಲು, ಬಟ್ಟೆ ತರಬಾರದು ಅನ್ನುತ್ತಾರಲ್ಲ. ಆಫೀಸಿನವರು "ಶಾಪಿಂಗ್ ಆಯ್ತಾ? ರೂಮ್ ರೆಡಿ ಆಯ್ತಾ?" ಅಂತ ಕೇಳಿದಾಗ "ನಮ್ಮಲ್ಲಿ ಮೊದಲೇ ತರುವ ಹಾಗಿಲ್ಲ" ಅಂದರೆ ಸಾಕು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅಮ್ಮನ ಹಳೇ ಕಾಟನ್ ಸೀರೆ ಒಗೆದು ಮಡಚಿಟ್ಟಿದ್ದೆ, ಅಷ್ಟೇ. ಉಳಿದದ್ದನ್ನು ಹೆರಿಗೆಯ ಮಾರನೇ ದಿನ ತಮ್ಮ ತಂದ.

ಮಳೆಬಿಲ್ಲು_7
ಯಾರೂ ಕೇಳದ ಒಂದು ಪ್ರಶ್ನೆ. ಭಯ ಎಷ್ಟಾದರೆ ಜಾಸ್ತಿ ಅನ್ನುವುದು? ನನಗೆ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಎದೆ ಡವಡವ, ಉಸಿರು ಕಟ್ಟಿದ ಹಾಗೆ. ಊಟ ಸೇರುತ್ತಿಲ್ಲ. ಮೊದಲು ಆತಂಕಕ್ಕೆ ಮಾತ್ರೆ ತಗೊಳ್ಳುತ್ತಿದ್ದೆ. ಈಗ ಬಸಿರು, ನಿಲ್ಲಿಸಿಬಿಡಲಾ ಅಂತ ಯೋಚನೆ.

ಕಾಫಿತೋಟ
ಬಸುರಿಯಲ್ಲಿ ಮನಸ್ಸಿನ ಮಾತ್ರೆಯೇ? ಕೂಡಲೇ ನಿಲ್ಲಿಸಿ.

ಬಿಳಿಸಮವಸ್ತ್ರ
ದಯವಿಟ್ಟು ಹಾಗೆ ಹೇಳಬೇಡಿ @ಕಾಫಿತೋಟ. ನಾನು ನರ್ಸ್, ಹೆರಿಗೆ ವಾರ್ಡಿನಲ್ಲಿ ಕೆಲಸ. ಆತಂಕದ ಮಾತ್ರೆಯನ್ನು ಒಂದೇ ಸಲ ನಿಲ್ಲಿಸಿದರೆ ಕಾಯಿಲೆ ಇನ್ನೂ ಜೋರಾಗಿ ಮರುಕಳಿಸಬಹುದು. ಬಸಿರಿನಲ್ಲಿ ಕೊಡಬಹುದಾದ ಮಾತ್ರೆಗಳೂ ಇವೆ, ಬಸಿರಿನಲ್ಲಿ ಕೊಡಬಾರದವೂ ಇವೆ. ಯಾವುದು, ಎಷ್ಟು ಅನ್ನುವುದನ್ನು ಮಾನಸಿಕ ತಜ್ಞರು ಮತ್ತು ಹೆರಿಗೆ ಡಾಕ್ಟರ್ ಇಬ್ಬರೂ ಸೇರಿ ತೀರ್ಮಾನ ಮಾಡುತ್ತಾರೆ. @ಮಳೆಬಿಲ್ಲು_7, ನೀವು ನಾಳೆಯೇ ಮಾತ್ರೆ ಬರೆದ ಡಾಕ್ಟರಿಗೆ ಫೋನ್ ಮಾಡಿ "ನಾನು ಬಸುರಿ" ಅಂತ ಹೇಳಿ. ಅವರು ಹೇಳುವವರೆಗೆ ನೀವಾಗಿ ನಿಲ್ಲಿಸಬೇಡಿ, ಡೋಸ್ ಬದಲಿಸಬೇಡಿ.

ಎಷ್ಟಾದರೆ ಜಾಸ್ತಿ ಅಂತ ಕೇಳಿದಿರಿ. ಮಗು ಕಳೆದುಕೊಂಡವರಿಗೆ ಭಯ ಇರುವುದೇ ಸಹಜ. ಆದರೆ ಎರಡು ವಾರದಿಂದ ಸರಿಯಾಗಿ ನಿದ್ದೆ ಇಲ್ಲ, ಊಟ ಇಲ್ಲ, ಉಸಿರು ಕಟ್ಟುತ್ತದೆ, ಸ್ಕ್ಯಾನಿಗೆ ಹೋಗಲೂ ಹೆದರಿಕೆ, ಅಥವಾ ಬದುಕುವುದೇ ಬೇಡ ಅನ್ನಿಸುತ್ತದೆ ಅಂದರೆ ಅದು ಒಬ್ಬರೇ ತಡೆದುಕೊಳ್ಳುವಂಥದ್ದಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. 2022ರಲ್ಲಿ ಶುರುವಾಯಿತು. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೂರುವ ಬದಲು ಆಗಲೇ ಮಾಡಿ. ಬೆಂಗಳೂರಿನವರಿಗೆ ನಿಮ್ಹಾನ್ಸ್‌ನಲ್ಲಿ ಬಸುರಿಯರಿಗೆ, ಬಾಣಂತಿಯರಿಗೆ ಅಂತಲೇ ಬೇರೆ ಮಾನಸಿಕ ಆರೋಗ್ಯ ವಿಭಾಗ ಇದೆ. ಮಗುವಿನ ಜೊತೆಯೇ ತಾಯಿಯನ್ನು ಸೇರಿಸಿಕೊಳ್ಳುವ ವಾರ್ಡೂ ಇದೆ.

ಸಂಜೆಬಿಸಿಲು
"ಟೆನ್ಶನ್ ಮಾಡ್ಕೋಬೇಡ" ಅನ್ನುವುದಕ್ಕೂ ಈ ಮಾತಿಗೂ ಎಷ್ಟು ವ್ಯತ್ಯಾಸ ನೋಡಿ.

ಮಳೆಬಿಲ್ಲು_7
ಫೋನ್ ಮಾಡಿದೆ. ಡಾಕ್ಟರ್ ಮುಂದುವರಿಸಿ ಅಂದರು, ಶುಕ್ರವಾರ ಬರಲು ಹೇಳಿದ್ದಾರೆ. ಬಿಳಿಸಮವಸ್ತ್ರ ಅಕ್ಕ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಆಶಾ_ಹಾವೇರಿ
ನಾನು ಹಾವೇರಿ ಕಡೆಯ ಆಶಾ ಕಾರ್ಯಕರ್ತೆ. ಇಲ್ಲಿ ಎಲ್ಲರೂ ಬೆಂಗಳೂರಿನ ಮಾತಾಡುತ್ತಿದ್ದೀರಿ, ಹಳ್ಳಿಯವರಿಗೂ ಒಂದು ಮಾತು. ಹಿಂದೆ ಮಗು ಹೋಗಿದ್ದರೆ ಮುಚ್ಚಿಡಬೇಡಿ, ತಾಯಿ ಕಾರ್ಡ್ ಮಾಡಿಸುವಾಗಲೇ ಹೇಳಿ. ಎಷ್ಟೋ ಮನೆಗಳಲ್ಲಿ ಅತ್ತೆಯ ಎದುರು ಸೊಸೆ ಬಾಯಿ ಬಿಡುವುದಿಲ್ಲ, ನಾನು "ನೀರು ಕೊಡವ್ವಾ" ಅಂತ ಅಡುಗೆಮನೆಗೆ ಹೋಗಿ ಕೇಳುತ್ತೇನೆ. ಹೇಳಿದರೆ ಕಾರ್ಡಿನಲ್ಲಿ ಬರೆಯುತ್ತಾರೆ, ಜಾಸ್ತಿ ಗಮನ ಕೊಡುತ್ತಾರೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಇರುತ್ತದೆ. ದುಡ್ಡು ಕೊಡಬೇಕಿಲ್ಲ, ಆವತ್ತು ತಪ್ಪದೆ ಹೋಗಿ.

ರಾಗಿಹಿಟ್ಟು
ಸ್ವಲ್ಪ ಬೇರೆ ವಿಷಯ. ಮಗು ಹೋದಾಗ ರಜೆ ಸಿಗುತ್ತಾ? ನಾನು ಸಿಕ್ ಲೀವ್ ಹಾಕಿ ನಾಲ್ಕನೇ ದಿನ ಕೆಲಸಕ್ಕೆ ಹೋದೆ. ಮ್ಯಾನೇಜರ್ "ಹುಷಾರಿರಲಿಲ್ವಾ" ಅಂದರು, ಹೂಂ ಅಂದೆ.

ಒಬ್ಬ_ಗಂಡ
ಸಿಗುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದಲೂ ಬಂದಿರುವ ನಿಯಮ, ಸಂಬಳ ಸಮೇತ ಆರು ವಾರ. ಡಾಕ್ಟರ್ ಸರ್ಟಿಫಿಕೇಟ್ ಕೊಡಬೇಕು.

ಕೆರೆಯಂಗಳ
ಅದು ಪರ್ಮನೆಂಟ್ ಇದ್ದವರಿಗೆ ಮಾತ್ರ.

ಒಬ್ಬ_ಗಂಡ
ಅಲ್ಲ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಕಾಂಟ್ರಾಕ್ಟ್ ಅನ್ನುವುದು ನೆಪ. ಹೆಂಡತಿಯ ಕಂಪನಿಯ ಎಚ್‌ಆರ್ ಕೂಡ ಮೊದಲು ಇಲ್ಲ ಅಂದಿದ್ದರು, ನಿಯಮ ತೋರಿಸಿದ ಮೇಲೆ ಕೊಟ್ಟರು.

ರಾಗಿಹಿಟ್ಟು
ಆರು ವಾರ! ನನಗೆ ಯಾರೂ ಹೇಳಲೇ ಇಲ್ಲ. ಇದನ್ನು ಎಲ್ಲ ಹೆಣ್ಣುಮಕ್ಕಳಿಗೂ ಹೇಳಬೇಕು.

ತುಂಗಾತೀರ
ಚೀಟಿ ಅಂಟಿಸಿ ಡಾಕ್ಟರ್ ಹತ್ತಿರ ಹೋಗಿ ಬಂದೆ. ಮೂರು ವಾರ ಕಾಯಲು ಆಗುತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಮಧ್ಯದಲ್ಲಿ ಒಂದು ಸಣ್ಣ ಸ್ಕ್ಯಾನ್ ಮಾಡೋಣ ಅಂದರು. ರಕ್ತ ಕಂಡರೆ ಯಾವ ಹೊತ್ತಿಗಾದರೂ ಫೋನ್ ಮಾಡಿ ಅಂತ ನಂಬರ್ ಕೊಟ್ಟರು. ಟಾರ್ಚ್ ಇನ್ನೂ ಬಿಟ್ಟಿಲ್ಲ.

ಹಂಚಿನಮನೆ
ಬಿಡಬೇಕು ಅಂತ ಏನಿಲ್ಲ. ನೋಡಿ, ಎದ್ದು ಬನ್ನಿ, ಅಷ್ಟೇ.

ಹೊಳೆದಂಡೆ
ಕ್ಷಮಿಸಿ, ಮಧ್ಯದಲ್ಲಿ ಬರುತ್ತಿದ್ದೇನೆ. ನನಗೆ 31 ವಾರ. ಹಿಂದೆ ಒಂದು ಹೋಗಿದೆ. ಬೆಳಿಗ್ಗೆಯಿಂದ ಮಗು ಒದೆಯುವುದು ಕಡಿಮೆ ಅನ್ನಿಸುತ್ತಿದೆ. ಅಮ್ಮ "ಜಾಗ ಸಾಲದೆ ಕೊನೆಗೆ ಕಡಿಮೆ ಆಗುತ್ತೆ, ತಣ್ಣಗೆ ಜ್ಯೂಸ್ ಕುಡಿದು ಎಡಕ್ಕೆ ಮಲಗು, ಬೆಳಿಗ್ಗೆ ನೋಡೋಣ" ಅನ್ನುತ್ತಿದ್ದಾರೆ. ಕಾಯಲಾ?

ಬಿಳಿಸಮವಸ್ತ್ರ
ಕಾಯಬೇಡಿ. ಈಗಲೇ ಹೋಗಿ. ಕೊನೆ ತಿಂಗಳುಗಳಲ್ಲಿ ಅಲುಗಾಟ ಕಡಿಮೆ ಆಗುತ್ತದೆ ಅನ್ನುವುದು ತಪ್ಪು. ಅಲುಗಾಡುವ ರೀತಿ ಬದಲಾಗಬಹುದು, ಕಡಿಮೆ ಆಗಬಾರದು. ಜ್ಯೂಸ್ ಕುಡಿದು ನೋಡುತ್ತಾ ಕೂರಬೇಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಕಲ್ಲುಬೆಂಚು
ತಾಯಿ ಕಾರ್ಡ್, ಫೈಲ್ ತಗೊಂಡು ಹೊರಡಿ ತಂಗಿ. ಇಲ್ಲಿ ಉತ್ತರ ಬರೆಯುತ್ತಾ ಕೂರಬೇಡಿ.

ಕಾಫಿತೋಟ
ಹೋಗಿ ತಂಗಿ. ಅಮ್ಮನಿಗೆ ದಾರಿಯಲ್ಲಿ ವಿವರಿಸಿ.

ಹೊಳೆದಂಡೆ
ಆಸ್ಪತ್ರೆಯಿಂದ ಈಗ ಬಂದೆ. ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಬಡಿತ ನೋಡುವ ಎನ್‌ಎಸ್‌ಟಿ ಹಾಕಿದರು, ಸ್ಕ್ಯಾನೂ ಮಾಡಿದರು. ಮಗು ಚೆನ್ನಾಗಿದೆ. ಬೆಲ್ಟ್ ಕಟ್ಟಿದ ಕೂಡಲೇ ಒದೆಯಲು ಶುರು ಮಾಡಿತು. ಡ್ಯೂಟಿ ಡಾಕ್ಟರಿಗೆ ಸುಮ್ನೆ ತೊಂದರೆ ಕೊಟ್ಟೆ ಅಂತ ಸಂಕೋಚ ಆಯಿತು.

ಬಿಳಿಸಮವಸ್ತ್ರ
ಏನೂ ಸಂಕೋಚ ಬೇಡ. ಸುಮ್ನೆ ಬಂದವರನ್ನು ವಾಪಸ್ ಕಳಿಸುವುದು ನಮಗೆ ಸಂತೋಷದ ಕೆಲಸ. ನಾಳೆ ಮತ್ತೆ ಹಾಗೇ ಅನ್ನಿಸಿದರೆ ನಾಳೆಯೂ ಹೋಗಿ.